ಇಂಡಿಮೀಡಿಯಾ ತರಹದ ಸೈಟ್‌ಗಳು ಪದೇ ಪದೇ ಯಾಕೆ ಬೀಳುತ್ತವೆ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಬಂಧಕ್ಕೆ ಇಂಡಿಮೀಡಿಯಾ ಅನ್ನುವ ಸ್ವತಂತ್ರ ಸುದ್ದಿ ಸೈಟ್‌ಗಳ ಜಾಲದ ಬಗ್ಗೆ ಓದುತ್ತಿದ್ದೇನೆ. 1999ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಬ್ಲ್ಯೂಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸಭೆ ನಡೆದಾಗ ಹುಟ್ಟಿದ್ದು, ಯಾರು ಬೇಕಾದರೂ ಸಂಪಾದಕರನ್ನು ಕಾಯದೆ ನೇರವಾಗಿ ಸುದ್ದಿ, ಫೋಟೊ ಹಾಕಬಹುದಿತ್ತು. ಆದರೆ ನನ್ನ ಹತ್ತಿರ ಇರುವ ಹಳೇ ಲಿಂಕ್‌ಗಳಲ್ಲಿ ಅರ್ಧಕ್ಕರ್ಧ ತೆರೆಯುವುದೇ ಇಲ್ಲ. ಎಲ್ಲಾ ಪೊಲೀಸರೇ ಮುಚ್ಚಿಸಿದ್ದಾ? ಮೇಷ್ಟ್ರು ಹಾಗೇ ಬರಿ ಅನ್ನುತ್ತಾರೆ, ನನಗೆ ಯಾಕೋ ಒಪ್ಪಿಗೆಯಾಗುತ್ತಿಲ್ಲ.

ಥೇಮ್ಸ್‌ತೀರ:
ಪೊಲೀಸರ ಕತೆಯೂ ಇದೆ, ಅದನ್ನು ಬಿಡಬೇಡಿ. 2004ರ ಅಕ್ಟೋಬರ್ 7ರಂದು ಲಂಡನ್‌ನಲ್ಲಿದ್ದ ಇಂಡಿಮೀಡಿಯಾದವರ ಎರಡು ಸರ್ವರ್ ಕೈತಪ್ಪಿದವು. ಸರ್ವರ್‌ಗಳಿಗೆ ಅವರು ಇಟ್ಟಿದ್ದ ಹೆಸರು ಅಹಿಂಸಾ. ಬ್ರಿಟನ್, ಇಟಲಿ, ಬ್ರೆಜಿಲ್ ಸೇರಿ ಸುಮಾರು 20 ಸೈಟ್ ಒಂದೇ ಏಟಿಗೆ ಬಿದ್ದವು. ಒಂದು ವಾರದಲ್ಲಿ ವಾಪಸ್ ಬಂದವು, ಆದರೆ ಯಾಕೆ ತೆಗೆದುಕೊಂಡರು ಅಂತ ಯಾರೂ ಬಾಯಿ ಬಿಡಲಿಲ್ಲ. ಮರುವರ್ಷ ಇಎಫ್‌ಎಫ್ (ಇಂಟರ್ನೆಟ್ ಬಳಕೆದಾರರ ಹಕ್ಕಿಗೆ ಹೋರಾಡುವ ಅಮೆರಿಕದ ಸಂಸ್ಥೆ) ಕೋರ್ಟಿನಲ್ಲಿ ಹೋರಾಡಿ ಕಾಗದಪತ್ರ ಹೊರಗೆ ತರಿಸಿದಾಗ ಗೊತ್ತಾಯಿತು, ಅಮೆರಿಕ ಸರ್ಕಾರ ಕೇಳಿದ್ದು ಲಾಗ್ ಫೈಲ್ (ಸರ್ವರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ) ಮಾತ್ರ, ಸರ್ವರ್ ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿಯೇ ಅದಕ್ಕಿಂತ ಜಾಸ್ತಿ ಕೊಟ್ಟಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವ ವಿಷಯ ಇದು. ಇನ್ನು 2017ರಲ್ಲಿ ಹ್ಯಾಂಬರ್ಗ್ ಜಿ20 ಗಲಾಟೆ ಆದಮೇಲೆ ಜರ್ಮನಿಯ ಗೃಹ ಸಚಿವಾಲಯ ಲಿಂಕ್ಸ್‌ಉಂಟೆನ್ ಅನ್ನುವ ಇಂಡಿಮೀಡಿಯಾ ಸೈಟನ್ನೇ ನಿಷೇಧಿಸಿತು.

ರೂಟ್‌ಅಣ್ಣ:
ಅವೆಲ್ಲ ನಿಜ. ಆದರೆ ಸುದ್ದಿಯಾಗದೆ ಬೀಳುವುದೇ ಜಾಸ್ತಿ. ನಾನು ಆರು ವರ್ಷ ಒಂದು ಸಣ್ಣ ಸುದ್ದಿ ಸೈಟಿನ ಸರ್ವರ್ ನೋಡಿಕೊಂಡೆ, ಸಂಬಳ ಇಲ್ಲ, ಆಫೀಸು ಮುಗಿಸಿ ಬಂದಮೇಲೆ ಕೆಲಸ. ಅಷ್ಟೂ ವರ್ಷ ಪೊಲೀಸರು ಬರಲಿಲ್ಲ, ಸೈಟ್ ಮಾತ್ರ ಹತ್ತಾರು ಸಲ ಬಿತ್ತು.

ಒಂದು ಸಲ ರೈತರ ದೊಡ್ಡ ಮೆರವಣಿಗೆ ಇದ್ದ ದಿನವೇ ಬಿತ್ತು. ನಾನು ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿನಲ್ಲಿದ್ದೆ. ಮೊಬೈಲಿನಿಂದಲೇ ಲಾಗಿನ್ ಆಗಿ ನೋಡಿದರೆ ಡಿಸ್ಕ್ ನೂರಕ್ಕೆ ನೂರು ತುಂಬಿದೆ, ಸ್ಪ್ಯಾಮ್ ಕಾಮೆಂಟ್ ಬಂದು ಬಂದು ಲಾಗ್ ಫೈಲ್ ಒಂದೇ 38 ಜಿಬಿ ಆಗಿದೆ, ಡೇಟಾಬೇಸ್‌ಗೆ ಒಂದಕ್ಷರ ಬರೆಯಲೂ ಜಾಗ ಇಲ್ಲ. ಅಳಿಸೋಣ ಅನ್ನುವಷ್ಟರಲ್ಲಿ ಶಿರಾ ದಾಟಿ ಸಿಗ್ನಲ್ ಹೋಯಿತು. ಹಿರಿಯೂರಲ್ಲಿ ಟೀಗೆ ನಿಲ್ಲಿಸಿದಾಗ ಆ ಫೈಲ್ ಖಾಲಿ ಮಾಡಿದೆ, ಸೈಟ್ ಎದ್ದಿತು. ಪಾಸ್‌ವರ್ಡ್ ಇದ್ದದ್ದು ನನ್ನೊಬ್ಬನ ಹತ್ತಿರ. ತಪ್ಪು ಅದೇ.

ಇನ್ನೊಂದು ಸಲ ತೊಂದರೆ ಕೊಟ್ಟದ್ದು ಡೊಮೈನ್, ಅಂದರೆ ಸೈಟಿನ ವಿಳಾಸ. ಅದು ತಂಡ ಬಿಟ್ಟು ಹೋದ ಗೆಳೆಯನ ಹೆಸರಲ್ಲಿತ್ತು, ರಿನ್ಯೂ ಮಾಡಿ ಅನ್ನುವ ಮೇಲ್ ಅವನು ತೆರೆಯದ ವಿಳಾಸಕ್ಕೆ ಹೋಗುತ್ತಿತ್ತು. 11 ದಿನ ಸೈಟ್ ಇರಲಿಲ್ಲ. ಸರ್ಟಿಫಿಕೇಟ್ ಕತೆಯೂ ಹಾಗೇ: ಸೈಟ್ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸಲು ಬೇಕಾದ, ಪುಕ್ಕಟೆ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ, ಮೊದಲು ಎಚ್ಚರಿಕೆಯ ಮೇಲ್ ಬರುತ್ತಿತ್ತು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ತಂಡದವರೇ ನೆನಪಿಟ್ಟುಕೊಳ್ಳಬೇಕು. ಕೀಲಿ ಕನಿಷ್ಠ ಮೂರು ಜನರ ಹತ್ತಿರ ಇರಲಿ, ಬ್ಯಾಕಪ್ ಬೇರೆ ಊರಲ್ಲಿ, ಬೇರೆ ಕಂಪನಿಯಲ್ಲಿ ಇರಲಿ. ಸೈಟು ಒಬ್ಬನ ಹೆಗಲ ಮೇಲೆ ನಿಂತಿದ್ದರೆ ಅವನಿಗೆ ಜ್ವರ ಬಂದ ದಿನ ಅದೂ ಮಲಗುತ್ತದೆ.

ಹಳೆಪುಟ:
ತೆರೆಯದ ಲಿಂಕ್‌ಗಳನ್ನು ವೇಬ್ಯಾಕ್ ಮಷೀನ್‌ನಲ್ಲಿ (ಇಂಟರ್ನೆಟ್ ಆರ್ಕೈವ್‌ನವರು ಹಳೇ ವೆಬ್ ಪುಟಗಳ ಪ್ರತಿ ಇಟ್ಟಿರುವ ಜಾಗ) ಹಾಕಿ ನೋಡಿ. ಬರಹ ಸಿಗುತ್ತದೆ, ಫೋಟೊ ಎಷ್ಟೋ ಕಡೆ ಇರಲ್ಲ. ಸಿಕ್ಕಿದ್ದನ್ನು ಇವತ್ತೇ ಇಳಿಸಿಕೊಳ್ಳಿ, 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಇಂಟರ್ನೆಟ್ ಆರ್ಕೈವ್ ಕೂಡ ಕೆಲವು ದಿನ ಬಂದ್ ಆಗಿತ್ತು.

ಹೊಳೆದಂಡೆ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು 14 ಪುಟ ಇಳಿಸಿಕೊಂಡೆ. ಮುಚ್ಚಿಸಿದ ಸೈಟು ಬೇರೆ, ತಾನಾಗಿ ಬಿದ್ದ ಸೈಟು ಬೇರೆ ಅಂತ ಎರಡು ಪಟ್ಟಿ ಮಾಡಿ ಮೇಷ್ಟ್ರಿಗೆ ತೋರಿಸುತ್ತೇನೆ. ರೂಟ್‌ಅಣ್ಣ, ಆ ಹಿರಿಯೂರಿನ ಕತೆಯನ್ನು ಹೆಸರು ಹಾಕದೆ ಪ್ರಬಂಧದಲ್ಲಿ ಬಳಸಿಕೊಳ್ಳಬಹುದಾ?