ಕರೆಂಟ್ ಬಂದ್ರೂ ಸರ್ವರ್ ಏಳವಲ್ದು, ಯುಪಿಎಸ್ 100% ತೋರಸ್ತೈತಿ

ಪ್ರಶ್ನೆ, ಭೋಸರಿ ಪುಣೆ:
ನಮಸ್ಕಾರ ರೀ ಎಲ್ಲಾರಿಗೂ. ಎಂಐಡಿಸಿ (ಇಂಡಸ್ಟ್ರಿಯಲ್ ಏರಿಯಾ) ಒಳಗ ನಮ್ಮದೊಂದು ಸಣ್ಣ ವರ್ಕ್‌ಶಾಪ್. ನಿನ್ನೆ ಮಳಿಗೆ ಕರೆಂಟ್ ಹೋತು, ಯುಪಿಎಸ್ ಡಿಸ್ಪ್ಲೇದಾಗ 100% ಇತ್ತು, ಆದ್ರೂ ಎರಡು ಬೀಪ್ ಹೊಡದು ಎಲ್ಲಾ ಬಂದ್ ಆತು. ಈಗ ಸರ್ವರ್ ಚಾಲೂ ಮಾಡಿದ್ರ ಎಮರ್ಜೆನ್ಸಿ ಮೋಡ್ ಅಂತ ಬಂದು ಅಲ್ಲೇ ನಿಂದರ್ತೈತಿ. ಲಿನಕ್ಸ್, ಸಾಫ್ಟ್‌ವೇರ್ ರೈಡ್ 1 (ಒಂದ ಡೇಟಾ ಎರಡೂ ಡಿಸ್ಕ್‌ನಾಗ ಇರ್ತೈತಿ), ಎರಡು ಡಿಸ್ಕ್, ಬಿಲ್ಲಿಂಗ್ ಡೇಟಾ ಪೂರಾ ಅದರಾಗ ಐತಿ. ಯುಪಿಎಸ್ ಒಳಗ 12 ವೋಲ್ಟ್ 7 ಎಎಚ್‌ನ (ಆಂಪಿಯರ್ ಅವರ್) ಮೂರು ಬ್ಯಾಟರಿ ಅದಾವು, ನಾಲ್ಕು ವರ್ಷ ಹಳೇವು, ಮೀಟರ್ ಹಚ್ಚಿದ್ರ ಮೂರೂ 12.8 ಅದಾವು. ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸಿ ರಿಪೇರಿ ಮಾಡೋ ಕಮಾಂಡ್) ಹೊಡದು ಬಿಡ್ಲೇನ್ರೀ?

ಉತ್ತರ, ಠಾಣೆ:
ಸರ್, ಈಗ್ಲೇ ಬೇಡ, ದಯವಿಟ್ಟು. ಮೊದ್ಲು ಸರ್ವರನ್ನ ಆ ಯುಪಿಎಸ್‌ನಿಂದ ಬಿಡಿಸಿ, ರಿಪೇರಿ ನಡೀತಿರೋವಾಗ ಇನ್ನೊಂದ್ಸಲ ಆಫ್ ಆದ್ರೆ ಈಗ ಉಳಿದಿರೋದೂ ಹೋಗತ್ತೆ, ಪಕ್ಕದ ಆಫೀಸ್‌ನಲ್ಲಿ ಒಳ್ಳೆ ಯುಪಿಎಸ್ ಇದ್ರೆ ಒಂದಿನಕ್ಕೆ ಈಸ್ಕೊಳ್ಳಿ. ಆಮೇಲೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎರಡೂ ಡಿಸ್ಕಿಗೆ ಸ್ಮಾರ್ಟ್‌ಸಿಟಿಎಲ್ (ಡಿಸ್ಕಿನ ಆರೋಗ್ಯ ತೋರಿಸೋ ಕಮಾಂಡ್) ಓಡಿಸಿ, ಕರೆಂಟ್ ಪೆಂಡಿಂಗ್ ಸೆಕ್ಟರ್, ಅಂದ್ರೆ ಡಿಸ್ಕಿಗೆ ಸರಿಯಾಗಿ ಓದೋಕಾಗದೇ ಇರೋ ಜಾಗಗಳ ಲೆಕ್ಕ, ಸೊನ್ನೆ ಇದ್ಯಾ ನೋಡಿ. ಸೊನ್ನೆ ಅಲ್ಲ ಅಂದ್ರೆ ಎಫ್‌ಎಸ್‌ಸಿಕೆ ಕಡೆ ತಲೆನೇ ಹಾಕ್ಬೇಡಿ, ಮೊದ್ಲು ಡಿಡಿರೆಸ್ಕ್ಯೂನಲ್ಲಿ (ಕೆಟ್ಟ ಡಿಸ್ಕಿನಿಂದ ಕಾಪಿ ತೆಗೆಯೋ ಸಾಫ್ಟ್‌ವೇರ್) ಪೂರ್ತಿ ಡಿಸ್ಕ್ ಕಾಪಿ. ಸೊನ್ನೆ ಇದ್ರೂ ಒಂದು ಡಿಸ್ಕಿನ ಕಾಪಿ ಇಟ್ಕೊಂಡೇ ಮುಂದೆ ಹೋಗಿ. ಎಂಡಿಸ್ಟ್ಯಾಟ್‌ನಲ್ಲಿ (ರೈಡ್ ಸ್ಥಿತಿ ತೋರಿಸೋ ಫೈಲ್) ರೀಸಿಂಕ್, ಅಂದ್ರೆ ಎರಡೂ ಡಿಸ್ಕನ್ನ ಒಂದೇ ಥರ ಮಾಡೋ ಕೆಲಸ, ಓಡ್ತಿದ್ರೆ ಮುಗಿಯೋವರೆಗೂ ಬಿಡಿ. ಆಮೇಲೆ ಮೌಂಟ್ ಆಗದೇ ಇರೋ (ಸಿಸ್ಟಮ್ ಬಳಸದೇ ಇರೋ) ಸ್ಥಿತಿಯಲ್ಲಿ ಎಫ್‌ಎಸ್‌ಸಿಕೆ, ಅದೂ ಮೊದ್ಲು ಎನ್ ಆಪ್ಷನ್ (-n) ಹಾಕಿ, ಅದು ಏನೂ ಬರೆಯಲ್ಲ, ಏನೇನು ಕೆಟ್ಟಿದೆ ಅಂತ ಹೇಳತ್ತೆ ಅಷ್ಟೇ.

ಇನ್ನು ಬ್ಯಾಟರಿ. ಲೋಡ್ ಇಲ್ದೇ 12.8 ಬಂತು ಅಂದ್ರೆ ಏನೂ ಹೇಳ್ದಂಗಾಗ್ಲಿಲ್ಲ, ಸತ್ತ ಬ್ಯಾಟರಿನೂ ಅಷ್ಟು ತೋರಿಸತ್ತೆ. 2020ರ ಅಕ್ಟೋಬರ್ 12ಕ್ಕೆ ಮುಂಬೈಲಿ ಗ್ರಿಡ್ ಬಿದ್ದು ಕರೆಂಟ್ ಹೋದ ಮೇಲಂತೂ ನಾನು ಯುಪಿಎಸ್ ತೋರಿಸೋ ಆ ಪರ್ಸೆಂಟ್ ನಂಬೋದೇ ಬಿಟ್ಟಿದ್ದೀನಿ. ಯುಪಿಎಸ್ ಪ್ಲಗ್ ತೆಗೆದು, ಕೈಯಲ್ಲಿರೋ ಉಂಗುರ ಬಿಚ್ಚಿಟ್ಟು, ಬ್ಯಾಟರಿ ಒಂದೊಂದಾಗಿ ಹೊರಗೆ ತೆಗೆದು 12 ವೋಲ್ಟ್ 21 ವ್ಯಾಟ್‌ನ ಗಾಡಿ ಬಲ್ಬ್ ಹಚ್ಚಿ ಹತ್ತು ನಿಮಿಷ ಮೀಟರ್ ನೋಡ್ತಾ ಇರಿ. ಒಳ್ಳೆ ಬ್ಯಾಟರಿ 12ರ ಆಚೀಚೆ ನಿಲ್ಲತ್ತೆ. ಕೆಟ್ಟದ್ದಾದ್ರೆ ಬಲ್ಬ್ ಕಣ್ಮುಂದೇನೇ ಮಂಕಾಗ್ತಾ 10ರ ಕೆಳಗೆ ಜಾರತ್ತೆ. ಮೂರೂ ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿ) ಇರೋದು, ಒಂದು ಕೈಕೊಟ್ರೆ ಸಾಕು, ಯುಪಿಎಸ್ ಬಂದ್. ಊದಿಕೊಂಡಿದ್ರೆ ಟೆಸ್ಟ್ ಬೇಡ, ಚಾರ್ಜೂ ಬೇಡ.

ಪ್ರಶ್ನೆ ಕೇಳಿದವರು:
ಅಣ್ಣಾರ, ಭಾಳ ಉಪಕಾರ ಆತ್ರಿ. ಪೆಂಡಿಂಗ್ ಎರಡರಾಗೂ ಸೊನ್ನೆ, ಕಾಪಿ ತಗೊಂಡು ಎಫ್‌ಎಸ್‌ಸಿಕೆ ಮಾಡ್ದೆ, ಡೇಟಾ ಎಲ್ಲಾ ಸುರಳೀತ ಐತಿ. ನಡುವಿನ ಬ್ಯಾಟರಿ ಬಲ್ಬ್ ಹಚ್ಚಿದ ಎರಡು ನಿಮಿಷಕ್ಕ 9ಕ್ಕ ಬಂತು. ಅದೊಂದೇ ಬದಲಿಸಿದ್ರ ನಡೀತೈತೇನು? ಮತ್ತ ಸರ್ವರ್ ತಾರೀಖು ಹಿಂದಿನ ವರ್ಷದ್ದು ತೋರಸಾಕತ್ತೈತಿ.

ಉತ್ತರ, ಠಾಣೆ:
ಡೇಟಾ ಸಿಕ್ತಲ್ಲ, ನಿಜವಾಗ್ಲೂ ಖುಷಿಯಾಯ್ತು! ಬ್ಯಾಟರಿ ಮೂರೂ ಒಟ್ಟಿಗೆ ಬದಲಿಸಿ, ಹಳೇವು ಹೊಸದನ್ನೂ ಬೇಗ ಕೆಡಿಸ್ತವೆ. ಹಳೇದನ್ನ ಅಂಗಡಿಯವರು ವಾಪಸ್ ತಗೊಂಡು ರೇಟಲ್ಲಿ ಕಮ್ಮಿ ಮಾಡ್ತಾರೆ, ಕೇಳಿ. ತಾರೀಖಿಗೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ (ಗಡಿಯಾರ ನಡೆಸೋ ಬಟನ್ ಸೆಲ್) ಹೊಸದು ಹಾಕಿ ಟೈಮ್ ಸರಿ ಮಾಡಿ, ಅದಾದ್ಮೇಲೇ ಬಿಲ್ಲಿಂಗ್ ಶುರು ಮಾಡಿ. ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ರೆ ಸರ್ವರ್‌ಗೆ ಕನೆಕ್ಟ್ ಮಾಡಿ ಎನ್‌ಯುಟಿ (ಯುಪಿಎಸ್ ಮೇಲೆ ಕಣ್ಣಿಡೋ ಸಾಫ್ಟ್‌ವೇರ್) ಹಾಕಿ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗೇ ಶಟ್‌ಡೌನ್ ಆಗತ್ತೆ.