ಮಿಲ್ಫರ್ಡ್ ಸೌಂಡ್‌ಗೆ ಹೊರಟಿದ್ದೇವೆ, ಯಾವಾಗಲೂ ಮಳೆಯಂತೆ. ಹೋಗಿ ಬಂದವರು ಹೇಳಿ

ಪ್ರಶ್ನೆ (ಕೋಥ್ರೂಡ್, ಪುಣೆ): ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ಗೆ ಹೋಗುತ್ತಿದ್ದೇವೆ. ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಮಿಲ್ಫರ್ಡ್ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ತೋಳು) ನೋಡಿ ವಾಪಸ್ ಬರುವ ಯೋಚನೆ ಇದೆ. ಅತ್ತೆ, ಮಾವ ಜೊತೆಗಿರುತ್ತಾರೆ. ಮಗಳು ಜಿಯಾಲಜಿ ಓದುತ್ತಿದ್ದಾಳೆ. ಮಳೆ ಬಂದರೆ ದುಡ್ಡು ದಂಡವಾ? ಪ್ರಾಣಿ, ಪಕ್ಷಿ ಏನಾದರೂ ಕಾಣುತ್ತವಾ?

ಡೊಂಬಿವಲಿಯಿಂದ: ಮಳೆ ಬರಲಿ ಅಂತ ಹರಕೆ ಹೊತ್ತುಕೊಳ್ಳಿ ಮೇಡಂ. ಅಲ್ಲಿ ವರ್ಷಕ್ಕೆ ಸುಮಾರು 6,800 ಮಿ.ಮೀ. ಮಳೆ, ನಮ್ಮ ಆಗುಂಬೆಗೆ ಹತ್ತಿರ ಹತ್ತಿರ. ಬಿಸಿಲಿದ್ದ ದಿನ ದೊಡ್ಡ ಜಲಪಾತಗಳು ಅಂತ ಬೋವೆನ್, ಸ್ಟರ್ಲಿಂಗ್ ಎರಡೇ ಕಾಣುತ್ತವೆ. ಮಳೆ ಜೋರಾದರೆ ಬಂಡೆಯ ಮೈಮೇಲೆಲ್ಲ ನೂರಾರು ನೀರಿನ ಎಳೆಗಳು ಹುಟ್ಟಿಕೊಳ್ಳುತ್ತವೆ, ಗಾಳಿ ಬೀಸಿದರೆ ಕೆಲವು ನೀರಿಗೆ ಮುಟ್ಟುವ ಮೊದಲೇ ಚದುರಿಹೋಗುತ್ತವೆ. ಜುಲೈ ಮಳೆಯಲ್ಲಿ ಪುಣೆ ಹತ್ತಿರದ ತಾಮ್ಹಿಣಿ ಘಾಟ್‌ಗೆ ಹೋಗುವವರು ನೀವು, ಇದಕ್ಕೆ ಹೆದರೋದೇನಿದೆ? ರೇನ್‌ಕೋಟ್ ತಗೊಳ್ಳಿ, ಕೊಡೆ ಸುಮ್ನೆ ಭಾರ.

ಹೆದರಬೇಕಾದ್ದು ರಸ್ತೆಗೆ. ಕ್ವೀನ್ಸ್‌ಟೌನ್‌ನಿಂದ ಹೋಗೋಕೆ ನಾಲ್ಕು ಗಂಟೆ, ಬರೋಕೆ ನಾಲ್ಕು ಗಂಟೆ. ವಯಸ್ಸಾದವರನ್ನು ಕರೆದುಕೊಂಡು ಒಂದೇ ದಿನದಲ್ಲಿ ಬೇಡ. ಟೆ ಅನಾವ್‌ನಲ್ಲಿ ರಾತ್ರಿ ಉಳಿಯಿರಿ, ಅಲ್ಲಿಂದ ಸುಮಾರು 120 ಕಿ.ಮೀ. ಅಷ್ಟೇ. ದಾರಿಯಲ್ಲಿ ಹೋಮರ್ ಸುರಂಗ ಬರುತ್ತದೆ. ಬಂಡೆ ಕೊರೆದು ಮಾಡಿದ್ದು, 1954ರಲ್ಲಿ ತೆರೆದದ್ದು. ಅದರ ಬಾಯಿಯ ಹತ್ತಿರ ಕಿಯಾ ಅನ್ನುವ ಹಸಿರು ಬೆಟ್ಟದ ಗಿಳಿಗಳು ಕಾರಿನ ಮೇಲೆ ಕೂತು ವೈಪರ್ ರಬ್ಬರ್ ಎಳೆಯುತ್ತವೆ. ತಿನ್ನೋಕೆ ಮಾತ್ರ ಏನೂ ಕೊಡಬೇಡಿ.

ಔಂಧ್, ಪುಣೆಯಿಂದ: ನಿಮ್ಮ ಮಗಳಿಗೆ ಹೇಳೋದು. ಇಲ್ಲಿ ನಾವು ದಿನಾ ನೋಡುವುದು ಬಸಾಲ್ಟ್, ಲಾವಾ ಪದರದ ಮೇಲೆ ಪದರ, ಮೆಟ್ಟಿಲು ಮೆಟ್ಟಿಲಾದ ಗುಡ್ಡ. ಅಲ್ಲಿಯದು ಹೆಚ್ಚಾಗಿ ನೈಸ್ (gneiss, ಶಾಖ, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಪಟ್ಟೆಪಟ್ಟೆ ಕಲ್ಲು), ಗ್ರಾನೈಟ್, ಗ್ರಾನೈಟ್‌ನಂಥದೇ ಗಟ್ಟಿ ಕಲ್ಲಾದ ಡಯೊರೈಟ್. ಲಾಲ್‌ಬಾಗ್ ಬಂಡೆಯೂ ನೈಸ್ ಜಾತಿಯದೇ, ಆದರೆ ಅದು 300 ಕೋಟಿ ವರ್ಷದ ಅಜ್ಜ, ಇದು ಅದರ ಮುಂದೆ ತೀರಾ ಎಳೆಯದು. ಕಲ್ಲು ಗಟ್ಟಿಯಾದ್ದರಿಂದಲೇ ಹಿಮನದಿ ಕೊರೆದ ಗೋಡೆಗಳು ಇವತ್ತಿಗೂ ಕುಸಿಯದೆ ನೆಟ್ಟಗೆ ನಿಂತಿವೆ. ಮೈಟರ್ ಶಿಖರ ನೀರಿನಿಂದ ಸೀದಾ 1,683 ಮೀಟರ್ ಏರುತ್ತದೆ. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಣಿವೆಯೊಳಗೆ ನೀರು ನುಗ್ಗಿತು. ಸ್ಟರ್ಲಿಂಗ್ ಜಲಪಾತ ಬೀಳುವ ಜಾಗವನ್ನು ಅವಳು ಸರಿಯಾಗಿ ನೋಡಲಿ. ಪಕ್ಕದ ಚಿಕ್ಕ ಹಿಮನದಿಗೆ ದೊಡ್ಡದರಷ್ಟು ಆಳಕ್ಕೆ ಕೊರೆಯಲು ಆಗಲಿಲ್ಲ, ಹಾಗಾಗಿ ಅದರ ಕಣಿವೆ ಮೇಲೇ ನೇತಾಡುತ್ತಾ ಉಳಿದಿದೆ.

ಇನ್ನೊಂದು ವಿಷಯ, ಯಾರೂ ಗಮನಿಸುವುದಿಲ್ಲ. ಬಂಡೆಯ ಮೇಲೆ ಮಣ್ಣೇ ಇಲ್ಲ, ಆದರೂ ಕಾಡಿದೆ. ಮೊದಲು ಪಾಚಿ, ಅದರ ಮೇಲೆ ಜರಿಗಿಡ, ಆಮೇಲೆ ಮರಗಳು ಒಂದರ ಬೇರನ್ನು ಇನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಒಂದು ಜಾರಿದರೆ ಸುತ್ತಲಿನವನ್ನೂ ಎಳೆದುಕೊಂಡು ನೀರಿಗೆ ಬೀಳುತ್ತದೆ. ಗೋಡೆಯ ಮೇಲೆ ಉದ್ದಕ್ಕೆ ಬೋಳು ಪಟ್ಟೆಗಳು ಕಾಣುತ್ತವಲ್ಲಾ, ಅವು ಹಾಗೆ ಆದದ್ದು.

ಮಡಗಾಂವ್‌ನಿಂದ: ಪ್ರಾಣಿಗಳಲ್ಲಿ ಸೀಲ್ ಬಹುಮಟ್ಟಿಗೆ ಗ್ಯಾರಂಟಿ, ಬಂಡೆ ಮೇಲೆ ಬಿದ್ದುಕೊಂಡಿರುತ್ತವೆ. ಡಾಲ್ಫಿನ್ ಅದೃಷ್ಟ. ಹಳದಿ ಹುಬ್ಬಿನ ಫಿಯೋರ್ಡ್‌ಲೆಂಡ್ ಪೆಂಗ್ವಿನ್ ಮರಿ ಮಾಡುವ ಕಾಲ ಜುಲೈಯಿಂದ ನವೆಂಬರ್, ಹಾಗಾಗಿ ತಿಂಗಳ ಮೊದಲ ವಾರಗಳಲ್ಲೇ ಹೋಗಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೀರೇ. ಕಾಡಿನಿಂದ ಬರುವ ಮಳೆನೀರು ಟೀ ಬಣ್ಣದ್ದು, ಉಪ್ಪುನೀರಿನ ಮೇಲೆ ಬೆರೆಯದೆ ತೇಲುತ್ತದೆ, ಬೆಳಕನ್ನು ಕೆಳಗೆ ಬಿಡುವುದಿಲ್ಲ. ಕೆಳಗೆ ಕತ್ತಲು ಅಂತ ಆಳ ಸಮುದ್ರದ ಕಪ್ಪು ಹವಳ ಅಲ್ಲಿ ಹತ್ತು ಮೀಟರ್ ಆಳಕ್ಕೇ ಬೆಳೆಯುತ್ತದೆ. ಜೀವಂತ ಇರುವಾಗ ಅದು ಬಿಳಿ, ಅಸ್ಥಿ ಮಾತ್ರ ಕಪ್ಪು.

ಸ್ಯಾಂಡ್‌ಫ್ಲೈ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಗೋವಾದ ಸೊಳ್ಳೆಗಳೇ ವಾಸಿ. ಹಗಲಲ್ಲೇ ಕಚ್ಚುತ್ತವೆ, ತುರಿಕೆ ಬೇಗ ಹೋಗುವುದಿಲ್ಲ. ಅತ್ತೆಯವರಿಗೆ ಸಾಕ್ಸ್ ಹಾಕಿಸಿ.

ಕೋಥ್ರೂಡ್: ತುಂಬಾ ಥ್ಯಾಂಕ್ಸ್. ಟೆ ಅನಾವ್‌ನಲ್ಲಿ ಉಳಿಯುವುದಾದರೆ ಮಿಲ್ಫರ್ಡ್‌ನಂಥದೇ ಇನ್ನೊಂದು, ಡೌಟ್‌ಫುಲ್ ಸೌಂಡ್ ಹೇಗೆ?

ಡೊಂಬಿವಲಿಯಿಂದ: ದುಡ್ಡು ಜಾಸ್ತಿ, ಜನ ಕಡಿಮೆ. ಮೊದಲು ಮನಪೌರಿ ಸರೋವರ ದೋಣಿಯಲ್ಲಿ ದಾಟಬೇಕು, ಆಮೇಲೆ ಬಸ್ಸಿನಲ್ಲಿ ವಿಲ್ಮಟ್ ಘಾಟಿ, ಮತ್ತೆ ದೋಣಿ. ಹತ್ತಿ ಇಳಿಯುವುದು ಮಾವನವರಿಗೆ ಸಾಧ್ಯವಾದರೆ ನಾನು ಮಿಲ್ಫರ್ಡ್ ಬಿಟ್ಟು ಇದಕ್ಕೇ ಹೋಗಿ ಅಂತೀನಿ.