ಕ್ರಾಫ್ಟ್ ಬಿಯರ್ ರುಚಿ ನೋಡಿ ಅಂಕ ಕೊಡುವ ಕ್ರಮ ಹೇಗೆ? ಮಂಗಳೂರು, ಉಡುಪಿ ಕಡೆಯವರ ಅನುಭವ ಬೇಕು

ಬಿಜೈಯಿಂದ (ಕೇಳಿದವರು):

ನಾವು ಐದು ಜನ ದೋಸ್ತಿಗಳು. ಕೆಲಸಕ್ಕೆ ಸೇರಿದಾಗಿನಿಂದ ಕಿಂಗ್‌ಫಿಶರ್ ಬಿಟ್ಟರೆ ಬೇರೆ ಹೆಚ್ಚು ಗೊತ್ತಿರಲಿಲ್ಲ. ಈಗ ಊರಲ್ಲೇ ಮೈಕ್ರೋಬ್ರೂವರಿ (ಸಣ್ಣ ಪ್ರಮಾಣದಲ್ಲಿ ತಾವೇ ಮಾಡಿ ಕೊಡುವ ಕಡೆಯ) ಬಿಯರ್ ಸಿಗ್ತದೆ, ಬೆಂಗಳೂರಿಗೆ ಹೋದಾಗ ಇಂದಿರಾನಗರದ ಟಾಯ್ಟ್‌ನಂಥ ಕಡೆ ಕೂತದ್ದೂ ಉಂಟು. ತಿಂಗಳಿಗೊಮ್ಮೆ ಸೇರಿ ಆರು ಬಗೆ ಕುಡಿದು, ಅಂಕ ಕೊಟ್ಟು, ಒಂದು ಪಟ್ಟಿ ಇಡುವ ಅಂತ ಯೋಚನೆ. ಮೊದಲ ಸಲ ಎಲ್ಲದಕ್ಕೂ ಹತ್ತರಲ್ಲಿ 7 ಇಲ್ಲವೇ 8 ಬಿತ್ತು, ಕೊನೆಯದಕ್ಕೆ 9. ಇದರಿಂದ ಎಂತ ಗೊತ್ತಾಯ್ತು ಅಂತ ಯಾರಿಗೂ ಗೊತ್ತಾಗಲಿಲ್ಲ. ಅಂಕ ಕೊಡುವುದು ಹೇಗೆ, ಜೊತೆಗೆ ಎಂತ ತಿನ್ನುವುದು, ಗೊತ್ತಿದ್ದವರು ಹೇಳಿ.

ಕಂಕನಾಡಿಯಿಂದ:

ಕೊನೆಯ ಗ್ಲಾಸಿಗೆ 9 ಬಿದ್ದದ್ದು ಆ ಬಿಯರಿಗಲ್ಲ ಮಾರಾಯ್ರೆ, ಅದಕ್ಕಿಂತ ಮೊದಲು ಹೊಟ್ಟೆಗೆ ಹೋದ ಐದಕ್ಕೆ! ಹಾಗಾಗಿ ಮೊದಲು ಅಳತೆ ಸರಿ ಮಾಡಿ. ಒಬ್ಬರಿಗೆ ಒಂದು ಬಗೆಯದ್ದು 100 ಮಿಲಿ ಧಾರಾಳ. ಆರು ಬಗೆ ಆದರೂ 600 ಮಿಲಿ, ವೈನ್ ಶಾಪಿನ ಒಂದು ದೊಡ್ಡ ಬಾಟಲಿಗಿಂತ ಕಡಿಮೆ. ಎರಡು ಸಲ ಮೂಸಿ, ಮೂರು ಗುಟುಕು ಕುಡಿಯುವಷ್ಟರಲ್ಲಿ ಹೇಳಬೇಕಾದದ್ದೆಲ್ಲ ಸಿಕ್ಕಿರ್ತದೆ.

ಕುಡಿಯುವ ಸಾಲನ್ನೂ ಮೊದಲೇ ಗೊತ್ತು ಮಾಡಿ. ತೆಳು ಲಾಗರ್ (ಕಿಂಗ್‌ಫಿಶರ್ ಥರದ್ದು), ಅದರಷ್ಟೇ ಹಗುರದ ಕೋಲ್ಷ್ ಮೊದಲು, ಆಮೇಲೆ ಗೋಧಿ ಬಿಯರ್, ಕೆಂಚು ಬಣ್ಣದ ಆಂಬರ್, ಕಹಿ ಹೆಚ್ಚಿರುವ ಐಪಿಎ, ಕಡೆಗೆ ಕಪ್ಪು ಸ್ಟೌಟ್. ಐಪಿಎ ಮೊದಲೇ ಕುಡಿದರೆ ಅದರ ಕಹಿ ನಾಲಿಗೆ ಮೇಲೆ ಕೂತು, ನಂತರ ಬಂದ ಪಾಪದ ಲಾಗರ್ ಬರೀ ನೀರು ಅನ್ನಿಸ್ತದೆ.

ಇನ್ನೊಂದು, ಬಾಯಿ ಮುಚ್ಚಿ ಬರೆಯುವುದು. ಪ್ರತಿ ಗುಂಪಿನಲ್ಲೂ ಒಬ್ಬ ಇರ್ತಾನೆ, ಗ್ಲಾಸ್ ಮೂಗಿನ ಹತ್ತಿರ ಬಂದ ಕೂಡಲೇ "ಬಾಳೆಹಣ್ಣು!" ಅಂತ ಬೊಬ್ಬೆ ಹೊಡೆಯುವವ. ಅವ ಹೇಳಿದ ಮೇಲೆ ಉಳಿದ ನಾಲ್ವರಿಗೂ ಬಾಳೆಹಣ್ಣೇ ಬರ್ತದೆ, ಅದರಲ್ಲಿ ಇಲ್ಲದಿದ್ದರೂ. ಎಲ್ಲರೂ ಬರೆದು ಚೀಟಿ ಮಗುಚಿ ಇಟ್ಟ ಮೇಲೆಯೇ ಮಾತು. ನಮ್ಮ ಗುಂಪಿನಲ್ಲಿ ಈ ಒಂದು ನಿಯಮಕ್ಕೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ, ಇದರಷ್ಟು ಉಪಯೋಗವೂ ಬೇರೆ ಯಾವುದರಿಂದಲೂ ಆಗಿಲ್ಲ.

ಅಂಕಕ್ಕೆ ಹೊಸ ಕ್ರಮ ಹುಡುಕುವ ಅಗತ್ಯ ಇಲ್ಲ. ಅಮೆರಿಕದಲ್ಲಿ 1985ರಿಂದ ಬಿಯರ್ ತೀರ್ಪುಗಾರರ ಒಂದು ಸಂಸ್ಥೆ ಉಂಟು, ಬಿಜೆಸಿಪಿ ಅಂತ. ಅವರ ಚೀಟಿಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ತೆಳುವೋ ದಪ್ಪವೋ ಎಂಬುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಮೂರೇ ಮೂರು! ಫೋಟೋದಲ್ಲಿ ಚಂದ ಕಂಡ ಬಿಯರಿಗೆ ನಾವೆಲ್ಲ ಸುಮ್ಮನೆ ಉದಾರಿಗಳಾಗ್ತೇವೆ, ಅದಕ್ಕೆ ಈ ಚೀಟಿ ಒಳ್ಳೆ ಕಡಿವಾಣ. 38 ದಾಟಿದರೆ ಉತ್ತಮ, 45 ದಾಟುವುದು ಅಪರೂಪ, 21ರ ಕೆಳಗೆ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಲೆಕ್ಕ.

ಆ 50 ಕೊಡುವಾಗ ನೋಡಬೇಕಾದದ್ದು ಒಂದೇ: ಈ ಬಿಯರ್ ತನ್ನ ಜಾತಿಗೆ ತಕ್ಕಂತೆ ಇದೆಯಾ? ನಮ್ಮ ಮೆನುಗಳಲ್ಲಿ "ವೀಟ್ ಬಿಯರ್" ಅಂತಷ್ಟೇ ಬರೆದಿರ್ತಾರೆ. ಅದು ಜರ್ಮನಿಯ ಹೆಫೆವೈಜನ್ ಆದರೆ ಬಾಳೆಹಣ್ಣು, ಲವಂಗದ ವಾಸನೆ ಬರಲೇಬೇಕು, ಎರಡೂ ಹುದುಗು ಬರಿಸುವ ಯೀಸ್ಟಿನದ್ದು, ಯಾರೂ ಹಣ್ಣು ಹಾಕಿದ್ದಲ್ಲ. ಬೆಲ್ಜಿಯಂನ ವಿಟ್‌ಬಿಯರ್ ಆದರೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಹಾಕ್ತಾರೆ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ತೂಗಿದರೆ ಇಬ್ಬರಿಗೂ ಅನ್ಯಾಯ. ಯಾವ ಬಗೆ ಅಂತ ಕೇಳಿ ತಿಳಿದುಕೊಳ್ಳಿ. ಅನುಮಾನ ಇದ್ದರೆ ಒಂದು ಎರ್ಡಿಂಗರ್, ಒಂದು ಹೋಗಾರ್ಡನ್ ತಂದು ಪಕ್ಕಪಕ್ಕ ಇಟ್ಟು ಕುಡಿಯಿರಿ, ಆ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ.

ಇಷ್ಟವಾಯಿತಾ ಇಲ್ಲವಾ ಎಂಬುದಕ್ಕೆ ಬೇರೆಯೇ ಒಂದು ಕಾಲಂ ಇಡಿ: "ಇನ್ನೊಂದು ಗ್ಲಾಸ್ ತರಿಸುತ್ತೇನಾ?" ಹೌದು, ಇಲ್ಲ, ಅಷ್ಟೇ. ನನ್ನ ಪುಸ್ತಕದಲ್ಲಿ 40 ಬಿದ್ದ ಐಪಿಎ ಒಂದುಂಟು, ಪಕ್ಕದಲ್ಲಿ "ಇಲ್ಲ". 31 ಬಿದ್ದ ಕೋಲ್ಷ್ ಉಂಟು, ಪಕ್ಕದಲ್ಲಿ "ಹೌದು, ಮೇ ತಿಂಗಳ ಸೆಕೆಗೆ". ದುಡ್ಡು ಕೊಟ್ಟು ಮತ್ತೆ ಯಾವುದು ಕುಡಿಯಬೇಕು ಅಂತ ನೋಡುವಾಗ ನಾನು ತೆರೆಯುವುದು ಈ ಎರಡನೇ ಕಾಲಮ್ಮೇ.

ಬಿಯರ್ ಕುಡಿದವರು ಅಂಕ ಹಾಕುವ ಅನ್‌ಟ್ಯಾಪ್ಡ್ ಆ್ಯಪಿನ ಸ್ಟಾರ್ ನೋಡಿ ಹೋಗುವವರಿಗೆ ಒಂದು ಮಾತು. ಅಲ್ಲಿ ಕಪ್ಪು, ದಪ್ಪ, ಅಮಲು ಹೆಚ್ಚಿರುವ ಬಿಯರಿಗೆ ಯಾವಾಗಲೂ ಮೇಲಿನ ಅಂಕ, ಒಳ್ಳೆಯ ಲಾಗರಿಗೆ ಸಾಧಾರಣ. ಲಾಗರ್ ಮಾಡುವುದೇ ಕಷ್ಟ, ತಪ್ಪಾದರೆ ಮುಚ್ಚಿಡಲಿಕ್ಕೆ ಅದರಲ್ಲಿ ಎಂತದೂ ಇರುವುದಿಲ್ಲ. ಹಾಗಾಗಿ ಹೊಸ ಜಾಗಕ್ಕೆ ಹೋದರೆ ನಾನು ಮೊದಲು ಕೇಳುವುದು ಅವರ ಲಾಗರನ್ನು.

ಮಣಿಪಾಲದಿಂದ:

ಮೇಲಿನವರು ಹೇಳಿದ್ದಕ್ಕೆ ಸೇರಿಸುವುದಾದರೆ, ಚೀಟಿಯಲ್ಲಿ "ಚೆನ್ನಾಗಿದೆ", "ಸ್ಮೂತ್" ಅಂತ ಬರೆಯುವುದನ್ನು ನಿಷೇಧಿಸಿ. ವಾಸನೆಗೆ ನಮ್ಮ ಊರಿನ ಹೆಸರೇ ಕೊಡಿ. ಪರದೇಶದ ಪಟ್ಟಿಗಳಲ್ಲಿ ಗ್ರೇಪ್‌ಫ್ರೂಟ್, ಪೈನ್ ಮರ ಅಂತೆಲ್ಲ ಇರ್ತದೆ. ಪೈನ್ ಮರ ಮೂಸಿದವರು ಇಲ್ಲಿ ಎಷ್ಟು ಮಂದಿ? ಅದೇ ಐಪಿಎ ಮೂಸಿ ನಮ್ಮಲ್ಲೊಬ್ಬರು "ಕಾಟುಮಾವಿನ ಸೊನೆ" ಅಂತ ಬರೆದರು, ಓದಿದ ಕೂಡಲೇ ಎಲ್ಲರಿಗೂ ಗೊತ್ತಾಯ್ತು. ಹೆಫೆವೈಜನ್ನಿಗೆ "ಹೆಚ್ಚು ಹಣ್ಣಾದ ಕದಳಿ" ಅನ್ನಿ. ಚಕೋತ, ಸುಟ್ಟ ಬೆಲ್ಲ, ಹುರಿದ ಕಾಫಿ ಬೀಜ, ಎಲ್ಲ ಅಡ್ಡಿಯಿಲ್ಲ.

ಕೆಟ್ಟ ವಾಸನೆಗಳನ್ನು ಕಲಿಯುವುದು ಹೆಚ್ಚು ಲಾಭದ್ದು, ಯಾಕೆಂದರೆ ಅವುಗಳ ಹಿಂದೆ ಕಾರಣ ಇರ್ತದೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ವಾಸನೆ ಬಂದರೆ ಅದು ಡೈಅಸಿಟೈಲ್: ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಿಯರ್ ತಣಿಸಿದ್ದಾರೆ, ಇಲ್ಲವೇ ಬಿಯರ್ ಬರುವ ನಲ್ಲಿಯ (ಟ್ಯಾಪ್) ಪೈಪು ಕೊಳೆಯಾಗಿದೆ. ಹಸಿರು ಸೇಬು ಬಂದರೆ ಇನ್ನೂ ಎಳೆ ಬಿಯರ್. ಬೇಯಿಸಿದ ಮುಸುಕಿನ ಜೋಳ ಬಂದರೆ ಕುದಿಸಿದ್ದು ಸಾಲದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ಸೇರಿ ಹಳತಾಗಿದೆ. ನಮ್ಮ ಕರಾವಳಿ ಸೆಕೆಯಲ್ಲಿ, ಫ್ರಿಜ್ ಇಲ್ಲದ ಗೋಡೌನಿನಲ್ಲಿ ಕೂತ ಕ್ಯಾನಿಗೆ ಈ ಕೊನೆಯದ್ದು ಬೇಗ ಬರ್ತದೆ. ಆದ್ದರಿಂದ ಕ್ಯಾನಿನ ತಳ ತಿರುಗಿಸಿ ತಯಾರಿಸಿದ ದಿನ ನೋಡಿಯೇ ತೆಗೆದುಕೊಳ್ಳಿ. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಜಾಸ್ತಿ ಇರುವುದಾದರೆ ಎರಡು ಮೂರು ತಿಂಗಳು ದಾಟಿದ್ದನ್ನು ನಾನು ಮುಟ್ಟುವುದಿಲ್ಲ. ಹಸಿರು ಬಾಟಲಿ ಅಂಗಡಿಯ ಟ್ಯೂಬ್‌ಲೈಟ್ ಎದುರು ನಿಂತಿದ್ದರೆ ಅದೂ ಬೇಡ, ಬೆಳಕು ಬಿದ್ದರೆ ಹಾಪ್ಸಿನಿಂದಲೇ ನಾತ ಹುಟ್ಟುತ್ತದೆ. ಕಂದು ಬಾಟಲಿ ಇರುವುದು ಅದಕ್ಕೇ.

ನಿಮ್ಮ ಮೂಗಿನ ಮೇಲೆ ನಿಮಗೇ ಎಷ್ಟು ನಂಬಿಕೆ ಇಡಬಹುದು ಅಂತ ತಿಳಿಯಲಿಕ್ಕೆ ಒಂದು ಆಟ: ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಬ್ರೂವರಿಗಳ ಪ್ರಯೋಗಾಲಯಗಳಲ್ಲಿ ಇದನ್ನೇ ಮಾಡ್ತಾರೆ. ಎರಡು ಸಾಧಾರಣ ಲಾಗರ್ ಇಟ್ಟು ನೋಡಿ, "ನಾನು ಇದೊಂದೇ ಬ್ರಾಂಡ್ ಕುಡಿಯೋದು" ಅನ್ನುವವರ ಮುಖ ನೋಡಲಿಕ್ಕೆ ಚಂದ.

ಉಳ್ಳಾಲದಿಂದ:

ಕುಡಿಯಲಿಕ್ಕೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾಡಿದ್ರಲ್ಲ! ನಮ್ಮ ಹಿರಿಯರು ಕಳ್ಳು ಕುಡಿದು ಒಂದೇ ಮಾತು ಹೇಳ್ತಿದ್ರು, "ಲಾಯ್ಕುಂಟು" ಅಥವಾ "ಹುಳಿಯಾಗಿದೆ".

ಕಂಕನಾಡಿಯಿಂದ:

ಅವರಿಗಿಂತ ದೊಡ್ಡ ತೀರ್ಪುಗಾರರು ಯಾರಿದ್ದಾರೆ? ಬೆಳಿಗ್ಗೆ ಇಳಿಸಿದ್ದಾ, ಮಧ್ಯಾಹ್ನ ದಾಟಿದ್ದಾ, ತೆಂಗಿನದ್ದಾ, ತಾಳೆಯದ್ದಾ ಅಂತ ಒಂದು ಗುಟುಕಿನಲ್ಲಿ ಹೇಳುವವರು. ನಮ್ಮ ಎರಡು ಜಿಲ್ಲೆಗಳಲ್ಲಿ ಮೂರ್ತೆದಾರರು ಈಗಲೂ ಕಳ್ಳು ಇಳಿಸ್ತಾರೆ, ಸಂಘದ ಅಂಗಡಿಯಲ್ಲಿ ಸಿಗ್ತದೆ. ನಾನಂತೂ ಹುಳಿ ಬಿಯರ್ ಕುಡಿಯಲಿಕ್ಕೆ ಹೊರಟವರಿಗೆ ಮೊದಲು ಕಳ್ಳು ಕುಡಿದು ಬನ್ನಿ ಅಂತಲೇ ಹೇಳುವುದು. ಗೋಸೆ, ಬರ್ಲಿನರ್ ವೈಸೆ ಎಂಬ ಜರ್ಮನಿಯ ಹುಳಿ ಬಿಯರುಗಳಲ್ಲಿ ಹುಳಿ ಬರುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ. ಕಳ್ಳಿನಲ್ಲಿ ಅದೂ ಉಂಟು, ಹೊತ್ತು ಹೋದ ಹಾಗೆ ವಿನೆಗರಿನ ಹುಳಿಯೂ ಸೇರ್ತದೆ. ಆ ಎರಡು ಹುಳಿ ಬೇರೆ ಮಾಡಲಿಕ್ಕೆ ಬಂದರೆ, ಹುಳಿ ಬಿಯರ್ ಬೇಕೆಂದೇ ಹುಳಿ ಮಾಡಿದ್ದಾ ಅಥವಾ ಕೆಟ್ಟು ಹುಳಿಯಾದದ್ದಾ ಅಂತ ಹೇಳಬಹುದು. ಗೋಸೆಗೆ ಉಪ್ಪು ಸಹ ಹಾಕ್ತಾರೆ. ಪುನರ್ಪುಳಿ ಹಾಕಿ ನಮ್ಮೂರಲ್ಲಿ ಯಾರಾದರೂ ಅದನ್ನು ಮಾಡಿದರೆ ಮೊದಲ ಗ್ಲಾಸ್ ನನಗೆ.

ಸುರತ್ಕಲ್‌ನಿಂದ:

ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಟ್ಯಾಪಿನ ಹಿಂದೆ ನಿಂತವ, ಈಗ ಊರಲ್ಲಿದ್ದೇನೆ. ಬಿಯರ್ ಬಗ್ಗೆ ಇಷ್ಟೆಲ್ಲ ಹೇಳಿದ್ರಿ, ಗ್ಲಾಸಿನ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ಅಂಕ ಹೋಗುವುದೇ ಅಲ್ಲಿ.

ಸುರಿದ ಮೇಲೆ ನೊರೆಯ ಕೆಳಗೆ, ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ. ಸೋಪು ಅಥವಾ ಎಣ್ಣೆಯ ಪಸೆ ಉಳಿದಿದೆ. ಶುದ್ಧ ಗ್ಲಾಸಿನಲ್ಲಿ ಗುಳ್ಳೆ ತಳದಿಂದ ನೇರ ಮೇಲೇಳ್ತದೆ, ಒಂದೊಂದು ಗುಟುಕಿಗೆ ಒಂದೊಂದು ನೊರೆಯ ಬಳೆ ಗೋಡೆಯಲ್ಲಿ ಉಳೀತದೆ. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಗ್ಲಾಸ್ ಒದ್ದೆ ಮಾಡಿ ಒಳಗೆ ಪುಡಿಉಪ್ಪು ಉದುರಿಸಿ. ಎಲ್ಲ ಕಡೆ ಸಮ ಅಂಟಿದರೆ ಸರಿ, ಬೋಳು ಜಾಗ ಕಂಡರೆ ಅಲ್ಲಿ ಪಸೆ ಉಂಟು. ಕೊನೆಗೆ ಫಿಲ್ಟರ್ ನೀರಿನಲ್ಲಿ ಜಾಲಾಡಿ, ನಲ್ಲಿ ನೀರಿನ ಕ್ಲೋರಿನ್ ಮೂಗಿಗೆ ಅಡ್ಡ ಬರ್ತದೆ. ಬಟ್ಟೆಯಲ್ಲಿ ಒರೆಸಬೇಡಿ, ಬೋರಲು ಹಾಕಿ ಒಣಗಲಿ.

ಫ್ರೀಜರಿನಲ್ಲಿಟ್ಟ ಮಗ್ ಕೊಟ್ಟರೆ ಬೇಡ ಅನ್ನಿ. ಐಸಿನ ಪದರ ಕರಗಿ ಬಿಯರ್ ತೆಳ್ಳಗಾಗ್ತದೆ, ನಾಲಿಗೆಯೂ ಮರಗಟ್ಟುತ್ತದೆ. ಲಾಗರ್ 4ರಿಂದ 7 ಡಿಗ್ರಿ ಇರಲಿ, ಸ್ಟೌಟ್ 10ರಿಂದ 13. ನಮ್ಮ ಊರಿನ ಸೆಕೆಗೆ ಸ್ಟೌಟನ್ನು ಫ್ರಿಜ್‌ನಿಂದ ಹತ್ತು ನಿಮಿಷ ಮೊದಲು ತೆಗೆದರೆ ಸಾಕು. ಇಲ್ಲದಿದ್ದರೆ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು ಕೂರಿ, ತಣ್ಣಗಿರುವಾಗ ಬರೀ ಕಹಿಯಾಗಿದ್ದದ್ದು ಐದು ನಿಮಿಷಕ್ಕೆ ಚಾಕಲೇಟಿಗೆ ತಿರುಗುವುದು ಗೊತ್ತಾಗ್ತದೆ. ಚೀಟಿಯಲ್ಲಿ ಪರಿಮಳದ ಅಂಕ ಎರಡು ಸಲ ಬರೆಯಿರಿ, ತಣ್ಣಗೆ ಒಂದು, ಸ್ವಲ್ಪ ಬಿಸಿಯೇರಿದ ಮೇಲೆ ಒಂದು.

ಹೊರಗೆ ಕುಡಿಯುವುದಾದರೆ ಆರೂ ಒಟ್ಟಿಗೆ ತರಿಸಬೇಡಿ, ಆರನೆಯದು ಬಾಯಿಗೆ ಬರುವಾಗ ಗ್ಯಾಸ್ ಹೋಗಿ ಚಪ್ಪೆಯಾಗಿರ್ತದೆ. ಎರಡೆರಡೇ ತರಿಸಿ. ಪೈಪು ಯಾವಾಗ ತೊಳೆದದ್ದು ಅಂತ ಕೇಳಲಿಕ್ಕೆ ನಾಚಿಕೆ ಬೇಡ, ಎರಡು ವಾರಕ್ಕೊಮ್ಮೆ ತೊಳೆಯಬೇಕೆಂಬುದು ಸಾಮಾನ್ಯ ಲೆಕ್ಕ. ಚೀಟಿಯಲ್ಲಿ ಬಿಯರಿನ ಹೆಸರಿನ ಜೊತೆ ತಾರೀಕು, ಜಾಗ, ಟ್ಯಾಪಾ ಕ್ಯಾನಾ ಎಂಬುದೂ ಇರಲಿ. ಒಂದೇ ಬಿಯರ್, ಒಂದು ಕಡೆ 36, ಇನ್ನೊಂದು ಕಡೆ 22 ಬಿದ್ದರೆ ಗುಟ್ಟು ಅಲ್ಲಿರ್ತದೆ.

ಕುಂದಾಪುರದಿಂದ:

ಹ್ವಾಯ್, ತಿನ್ನುವ ವಿಷಯಕ್ಕೆ ಯಾರೂ ಬರಲೇ ಇಲ್ಲ ಅಲ್ದಾ?

ಅಂಕ ಕೊಡುವಾಗ ಖಾರ, ಕರಿದದ್ದು ಬೇಡ. ಗೋಳಿಬಜೆಯ ಎಣ್ಣೆ ತುಟಿಗೆ ಹತ್ತಿದರೆ ನೊರೆ ಅಲ್ಲೇ ಸಾಯ್ತದೆ. ನಡುವೆ ನಾಲಿಗೆ ತೊಳೆಯಲಿಕ್ಕೆ ಬೇರೆಯವರು ಬ್ರೆಡ್ ತಿನ್ನುತ್ತಾರೆ, ನಾವು ನೀರುದೋಸೆ ತಿನ್ನುತ್ತೇವೆ. ಉಪ್ಪು ಕಡಿಮೆ ಹಾಕಿ, ಚಟ್ನಿ ಇಲ್ಲದೆ, ತುಂಡು ತುಂಡು. ಅದರಷ್ಟು ಸಪ್ಪೆ, ಅದರಷ್ಟು ಹಗುರದ್ದು ಬೇರೆ ಇಲ್ಲ.

ಚೀಟಿ ಕಟ್ಟಿಟ್ಟ ಮೇಲೆ ಹೊಟ್ಟೆ ತುಂಬ ತಿನ್ನಿ. ಚಿಕನ್ ಘೀ ರೋಸ್ಟಿನ ಜೊತೆ ಮಾತ್ರ ಐಪಿಎ ತರಿಸಬೇಡಿ, ಹಾಪ್ಸಿನ ಕಹಿಯೂ ಗ್ಯಾಸೂ ಬ್ಯಾಡಗಿ ಮೆಣಸಿನ ಖಾರವನ್ನು ಎಬ್ಬಿಸ್ತದೆ. ಅದಕ್ಕೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ಇರುವ ಆಂಬರ್ ಸರಿ. ಕಾಣೆ ರವಾ ಫ್ರೈಗೆ ಪಿಲ್ಸ್‌ನರ್ (ಅದೂ ಒಂದು ಬಗೆಯ ಲಾಗರ್), ಮರುವಾಯಿ ಸುಕ್ಕಕ್ಕೆ ವಿಟ್‌ಬಿಯರ್. ಬೆಲ್ಜಿಯಂನವರೂ ಚಿಪ್ಪಿನ ಜೊತೆ ಅದನ್ನೇ ಕುಡಿಯುವುದು. ಬಂಗುಡೆ ಪುಳಿಮುಂಚಿಗೆ ಯಾವುದೂ ಸರಿ ಹೊಂದುವುದಿಲ್ಲ ಅಂತ ನನ್ನ ಖಂಡಿತ ಅಭಿಪ್ರಾಯ. ಬೇಕಾದವರು ಜಗಳಕ್ಕೆ ಬನ್ನಿ. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧ ಇರುವಾಗ ಐಸಿನ ಮೀನಿಗೆ ದುಡ್ಡು ಸುರಿಯುವ ಬದಲು ಪತ್ರೊಡೆ ಮಾಡಿಸಿ, ಕಾವಲಿಯಲ್ಲಿ ಕಾಯಿಸಿದ ಪತ್ರೊಡೆಯ ಅಂಚಿಗೂ ಕಂದು ಏಲ್ ಬಿಯರಿಗೂ ಒಳ್ಳೆ ಸ್ನೇಹ.

ಗೋವಾಕ್ಕೆ ಹೋದವರು ಅಲ್ಲಿನ ಕ್ಯಾನ್ ತರ್ತೇನೆ ಅಂದರೆ ಮೊದಲು ಅಬಕಾರಿ ನಿಯಮ ಕೇಳಿ ತಿಳಿದುಕೊಳ್ಳಲಿ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡ್ತಾರೆ.

ಬಿಜೈಯಿಂದ (ಕೇಳಿದವರು):

ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ಉಪ್ಪಿನ ಪರೀಕ್ಷೆ ಈಗಷ್ಟೇ ಮಾಡಿದೆ, ನಮ್ಮ ಮನೆಯ ಆರರಲ್ಲಿ ನಾಲ್ಕು ಗ್ಲಾಸ್ ಫೇಲ್. ಇನ್ನೆರಡು ಪ್ರಶ್ನೆ. ನಮ್ಮಲ್ಲೊಬ್ಬ ಕುಡಿಯುವುದೇ ಇಲ್ಲ, ಸುಮ್ಮನೆ ಜೊತೆಗೆ ಬರ್ತಾನೆ, ಅವನಿಗೆ ಎಂತ ಕೆಲಸ ಕೊಡುವುದು? ಮತ್ತೆ 600 ಮಿಲಿ ಅಂದರೆ ಸ್ಕೂಟರ್ ಓಡಿಸಬಹುದಾ?

ಸುರತ್ಕಲ್‌ನಿಂದ:

ಓಡಿಸಬೇಡಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, 5 ಶೇಕಡಾದ ಬಿಯರ್ 600 ಮಿಲಿ ಕುಡಿದರೆ ಹೆಚ್ಚಿನವರು ಅದನ್ನು ಸುಲಭದಲ್ಲಿ ದಾಟ್ತಾರೆ. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಜೈಲು, ಇಲ್ಲವೇ ಎರಡೂ ಆಗಬಹುದು. ರಿಕ್ಷಾ ಹಿಡಿಯಿರಿ.

ಕಂಕನಾಡಿಯಿಂದ:

ಕುಡಿಯದ ದೋಸ್ತಿ ಸಿಕ್ಕಿದ್ದು ನಿಮ್ಮ ಅದೃಷ್ಟ. ಸುರಿಯುವ ಕೆಲಸ ಅವರದ್ದು. ಅಡುಗೆಮನೆಯಲ್ಲಿ ಸುರಿದು, ಗ್ಲಾಸಿನ ತಳಕ್ಕೆ ನಂಬರಿನ ಸ್ಟಿಕ್ಕರ್ ಅಂಟಿಸಿ ತರಲಿ. ಯಾವ ನಂಬರಿಗೆ ಯಾವ ಬಿಯರ್ ಎಂಬ ಪಟ್ಟಿ ಅವರ ಕಿಸೆಯಲ್ಲೇ ಇರಲಿ, ಚೀಟಿಗಳನ್ನೂ ಅವರೇ ಒಟ್ಟು ಮಾಡಲಿ. ಒಂದೇ ಬಿಯರನ್ನು ಎರಡು ನಂಬರಿನಲ್ಲಿ ತರಲಿಕ್ಕೆ ಗುಟ್ಟಾಗಿ ಹೇಳಿಡಿ, ಯಾರ ಎರಡು ಅಂಕಗಳ ನಡುವೆ ಹತ್ತಕ್ಕಿಂತ ಹೆಚ್ಚು ಅಂತರ ಬಂತೋ ಅವರು ಮುಂದಿನ ತಿಂಗಳ ನೀರುದೋಸೆ ತರಬೇಕು.

ಬಿಜೈಯಿಂದ (ಕೇಳಿದವರು):

ಇದನ್ನು ಅವನಿಗೆ ಓದಿ ಹೇಳಿದೆ. ಒಪ್ಪಿದ್ದಾನೆ, ಆದರೆ ಗೋಳಿಬಜೆ ಪೂರ್ತಿ ಅವನಿಗೇ ಬಿಡಬೇಕಂತೆ.